ಪಾಸೂ ಇಲ್ಲ, ಫೇಲೂ ಇಲ್ಲ: ಪರದೇಶದ ಪರೀಕ್ಷೆಗಳು ಮತ್ತು ಸಲಹಾ ಕೇಂದ್ರದ ಮೇಜು



ಅಮೆರಿಕದ ವಿಶ್ವವಿದ್ಯಾಲಯಗಳ ಬಗ್ಗೆ ತಿಳಿವಳಿಕೆ ನೀಡುವ ಸಲಹಾ ಕೇಂದ್ರಕ್ಕೆ ಮೊದಲ ಸಲ ಕಾಲಿಡುವ ಹುಡುಗ ಹುಡುಗಿಯರು, ಅವರಿಗಿಂತ ಹೆಚ್ಚಾಗಿ ಅವರ ತಂದೆ ತಾಯಂದಿರು, ಕೇಳುವ ಪ್ರಶ್ನೆ ಒಂದಿದೆ: ‘ಜಿಆರ್‌ಇ ಪಾಸಾಗಲು ಎಷ್ಟು ಬರಬೇಕು?’ ಮೇಜಿನ ಆಚೆ ಕುಳಿತ ಸಲಹೆಗಾರರು ಕೊಡುವ ಉತ್ತರ ಬಂದವರನ್ನು ಸ್ವಲ್ಪ ಗಲಿಬಿಲಿಗೊಳಿಸುತ್ತದೆ. ಆ ಪರೀಕ್ಷೆಯಲ್ಲಿ ಪಾಸು ಎಂಬುದಿಲ್ಲ, ಫೇಲು ಎಂಬುದೂ ಇಲ್ಲ. ಅಲ್ಲಿ ಸಿಗುವುದು ಬರೀ ಒಂದು ಅಂಕ. ಆ ಅಂಕವನ್ನು ಏನು ಮಾಡಬೇಕೆಂಬುದು ಆಯಾ ವಿಶ್ವವಿದ್ಯಾಲಯದ, ಅನೇಕ ಸಲ ಆಯಾ ವಿಭಾಗದ ಇಷ್ಟ.

ಈ ಉತ್ತರ ನಮ್ಮವರಿಗೆ ಸುಲಭವಾಗಿ ಗಂಟಲಲ್ಲಿ ಇಳಿಯುವುದಿಲ್ಲ; ಅದಕ್ಕೆ ಕಾರಣವೂ ಇದೆ. ಎಸ್ಸೆಸ್ಸೆಲ್ಸಿಯಲ್ಲಿ 35 ಅಂಕದ ಗೆರೆ ನೋಡಿ ಬೆಳೆದವರು ನಾವು. 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಮೇಲೆ, 1994ರಲ್ಲಿ ಕರ್ನಾಟಕಕ್ಕೆ ಸಿಇಟಿ ಬಂತು. ಅಂದಿನಿಂದ ವೃತ್ತಿಶಿಕ್ಷಣದ ಸೀಟು ಎಂದರೆ ರ್‍ಯಾಂಕು, ರ್‍ಯಾಂಕು ಎಂದರೆ ಸೀಟು. ಸರದಿಯಲ್ಲಿ ನಿಂತವರ ಹೆಸರು ಕೂಗಿದ ಹಾಗೆ, ಒಂದು ಸಂಖ್ಯೆಯ ಹಿಂದೆ ಇನ್ನೊಂದು ಸಂಖ್ಯೆ. ಹುಡುಗನ ಸ್ವಭಾವ ಏನು, ಏನು ಓದಬೇಕೆಂದಿದ್ದಾನೆ, ಮೇಷ್ಟ್ರು ಅವನ ಬಗ್ಗೆ ಏನು ಹೇಳುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಈ ವ್ಯವಸ್ಥೆಗೆ ಅದರದೇ ಆದ ನ್ಯಾಯವೂ ಇದೆ. ಶಿಫಾರಸಿನ ಕೈಚಳಕವನ್ನು ಅದು ದೂರ ಇಟ್ಟಿದೆ. ಅಮೆರಿಕದ ಪದ್ಧತಿ ಇದಕ್ಕೆ ತೀರ ಬೇರೆ. ಅಲ್ಲಿ ಪರೀಕ್ಷೆಯ ಅಂಕವೆಂದರೆ ಒಂದು ಕಡತದೊಳಗಿನ ಒಂದು ಹಾಳೆ. ಕಾಲೇಜಿನ ಅಂಕಪಟ್ಟಿ, ಅಧ್ಯಾಪಕರು ಬರೆದ ಪತ್ರಗಳು, ವಿದ್ಯಾರ್ಥಿಯೇ ಬರೆದ ಉದ್ದೇಶದ ಪ್ರಬಂಧ ಇವೆಲ್ಲ ಉಳಿದ ಹಾಳೆಗಳು. ಸಮಿತಿ ಇಡೀ ಕಡತವನ್ನು ಓದುತ್ತದೆ. ಒಂದು ಹಾಳೆ ಚೆನ್ನಾಗಿದ್ದ ಮಾತ್ರಕ್ಕೆ ಬಾಗಿಲು ತೆರೆಯುವುದಿಲ್ಲ, ಒಂದು ಹಾಳೆ ಸಪ್ಪೆಯಾದ ಮಾತ್ರಕ್ಕೆ ಮುಚ್ಚುವುದೂ ಇಲ್ಲ.

ಈ ಎರಡು ಲೋಕಗಳ ನಡುವೆ ಸೇತುವೆ ಕಟ್ಟುವುದೇ ಸಲಹಾ ಕೇಂದ್ರದ ಕೆಲಸ. ಆ ಕೆಲಸ ಹೇಗೆ ಹುಟ್ಟಿತು, ಆ ಪರೀಕ್ಷೆಗಳಾದರೂ ಎಲ್ಲಿಂದ ಬಂದವು ಎಂಬುದನ್ನು ನೋಡೋಣ.

ಪರೀಕ್ಷೆಗಳ ಕಥೆ ಸೈನ್ಯದ ಡೇರೆಗಳಿಂದ ಶುರುವಾಗುತ್ತದೆ. 1917ರಲ್ಲಿ ಮೊದಲನೇ ಮಹಾಯುದ್ಧಕ್ಕೆ ಇಳಿದ ಅಮೆರಿಕ, ಹೊಸದಾಗಿ ಸೇರಿದ ಸಿಪಾಯಿಗಳನ್ನು ವಿಂಗಡಿಸಲು ‘ಆರ್ಮಿ ಆಲ್ಫಾ’ ಎಂಬ ಬುದ್ಧಿಪರೀಕ್ಷೆಯನ್ನೂ ಅಕ್ಷರ ಬಾರದವರಿಗೆ ಅದರದೇ ಚಿತ್ರರೂಪವನ್ನೂ ತಂದಿತು. 17 ಲಕ್ಷಕ್ಕೂ ಹೆಚ್ಚು ಮಂದಿ ಅವಕ್ಕೆ ಕುಳಿತರು. ಆ ಕೆಲಸದಲ್ಲಿದ್ದ ಪ್ರಿನ್ಸ್‌ಟನ್ನಿನ ಮನೋವಿಜ್ಞಾನಿ ಕಾರ್ಲ್ ಬ್ರಿಗಮ್ ಮುಂದೆ ಕಾಲೇಜು ಪ್ರವೇಶಕ್ಕೆ ಅಂಥದೇ ಪರೀಕ್ಷೆಯೊಂದನ್ನು ರೂಪಿಸಿದರು. ಅದೇ ಎಸ್‌ಎಟಿ. 1926ರ ಜೂನ್ 23ರಂದು ಮೊದಲ ಸಲ ನಡೆದಾಗ ಬರೆದವರು 8,040 ಮಂದಿ.

ಬ್ರಿಗಮ್ ಅವರ ಬದುಕಿನಲ್ಲಿ ಒಂದು ತಿರುವಿದೆ. 1923ರಲ್ಲಿ ಅವರು ಬರೆದ ಪುಸ್ತಕವೊಂದು ಸೈನ್ಯದ ಅಂಕಗಳನ್ನೇ ಹಿಡಿದು, ಯೂರೋಪಿನ ಇಂಥ ಜನಾಂಗದವರು ಬುದ್ಧಿವಂತರು, ಇಂಥವರು ಅಲ್ಲ ಎಂದು ಸಾಧಿಸಹೊರಟಿತ್ತು. ಏಳು ವರ್ಷದ ಬಳಿಕ, 1930ರಲ್ಲಿ, ಅವರೇ ಆ ತೀರ್ಮಾನವನ್ನು ಬಹಿರಂಗವಾಗಿ ಹಿಂತೆಗೆದುಕೊಂಡರು. ಇಂಗ್ಲಿಷು ಸರಿಯಾಗಿ ಬಾರದವನಿಗೆ ಇಂಗ್ಲಿಷಿನಲ್ಲಿ ಪ್ರಶ್ನೆ ಕೊಟ್ಟರೆ ಅಳೆದದ್ದು ಅವನ ಬುದ್ಧಿಯನ್ನಲ್ಲ, ಭಾಷೆಯನ್ನು ಎಂಬುದು ಅವರಿಗೆ ಮನವರಿಕೆಯಾಗಿತ್ತು. ಪರೀಕ್ಷೆಗಳಿಗೆಲ್ಲ ಒಂದೇ ದೊಡ್ಡ ಸಂಸ್ಥೆ ಇರಬೇಕೆಂಬ ಸಲಹೆಯನ್ನೂ ಅವರು ವಿರೋಧಿಸುತ್ತಿದ್ದರು. 1943ರಲ್ಲಿ ಅವರು ತೀರಿಕೊಂಡರು. 1947ರ ಡಿಸೆಂಬರಿನಲ್ಲಿ ಅಂಥದೇ ಸಂಸ್ಥೆ ಹುಟ್ಟಿತು. ನ್ಯೂ ಜೆರ್ಸಿಯ ಪ್ರಿನ್ಸ್‌ಟನ್ ಬಳಿಯ ಈ ಸಂಸ್ಥೆಯೇ ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್, ನಮ್ಮ ಹುಡುಗರ ಬಾಯಲ್ಲಿ ‘ಇಟಿಎಸ್’.

ಈ ನಡುವೆ ಒಂದು ಯಂತ್ರವೂ ಬಂದಿತ್ತು. ಮಿಷಿಗನ್ನಿನ ಶಾಲಾ ಮೇಷ್ಟ್ರು ರೆನಾಲ್ಡ್ ಜಾನ್ಸನ್ ಕಂಡುಹಿಡಿದ ಉಪಾಯವನ್ನು ಐಬಿಎಂ ಕಂಪೆನಿ 1938ರಲ್ಲಿ ‘805’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಪೆನ್ಸಿಲಿನ ಸೀಸ ಎಂದು ನಾವು ಕರೆಯುವ ಗ್ರಾಫೈಟಿನ ಮೂಲಕ ವಿದ್ಯುತ್ತು ಹರಿಯುತ್ತದೆ. ಗುರುತು ಮಾಡಿದ ಜಾಗದಲ್ಲಿ ಹರಿಯುವ ವಿದ್ಯುತ್ತನ್ನು ಅಳೆದು ಯಂತ್ರ ಅಂಕ ಹೇಳುತ್ತಿತ್ತು. ಸಾವಿರಗಟ್ಟಲೆ ಉತ್ತರ ಪತ್ರಿಕೆಗಳನ್ನು ಮೌಲ್ಯಮಾಪಕರಿಲ್ಲದೆ ತಿದ್ದಲು ದಾರಿಯಾದದ್ದು ಹೀಗೆ. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪರೀಕ್ಷೆ ಜಗತ್ತನ್ನೆಲ್ಲ ಆವರಿಸಿದ್ದರ ಹಿಂದೆ ಶಿಕ್ಷಣ ತತ್ವಕ್ಕಿಂತ ಈ ಯಂತ್ರದ ಪಾಲು ದೊಡ್ಡದಿರಬಹುದು.

ಸ್ನಾತಕೋತ್ತರ ಪ್ರವೇಶದ ಜಿಆರ್‌ಇ 1936ರಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಕೊಲಂಬಿಯಾಗಳ ಜಂಟಿ ಪ್ರಯೋಗವಾಗಿ ಶುರುವಾಗಿ ನಂತರ ಇಟಿಎಸ್ ಕೈಸೇರಿತು. ವಾಣಿಜ್ಯಾಡಳಿತದ ಜಿಮ್ಯಾಟ್ 1950ರ ದಶಕದ್ದು. ಇವು ಮೂರೂ ಅಮೆರಿಕದ ಮಕ್ಕಳಿಗಾಗಿ ಅಮೆರಿಕನ್ನರು ಮಾಡಿಕೊಂಡ ಪರೀಕ್ಷೆಗಳು ಎಂಬುದನ್ನು ಮರೆಯಬಾರದು. ಎಸ್‌ಎಟಿಯಲ್ಲಿ ಹಿಂದೆ ಪದಸಂಬಂಧದ ಪ್ರಶ್ನೆಗಳಿರುತ್ತಿದ್ದವು. ಅವುಗಳಲ್ಲೊಂದಕ್ಕೆ ಸರಿಯುತ್ತರ ‘ರೆಗಟ್ಟಾ’, ಅಂದರೆ ದೋಣಿ ಪಂದ್ಯ. ಹುಟ್ಟುಹಾಕುವ ಕ್ಲಬ್ಬುಗಳನ್ನು ಕಂಡ ಶ್ರೀಮಂತರ ಮಕ್ಕಳಿಗೆ ಅದು ನೀರು ಕುಡಿದಷ್ಟು ಸುಲಭ, ಉಳಿದವರಿಗೆ ಒಗಟು ಎಂದು ಅಮೆರಿಕದಲ್ಲೇ ವರ್ಷಗಟ್ಟಲೆ ವಾದ ನಡೆಯಿತು. 2005ರಲ್ಲಿ ಆ ಬಗೆಯ ಪ್ರಶ್ನೆಗಳನ್ನೇ ಎಸ್‌ಎಟಿಯಿಂದ ತೆಗೆದುಹಾಕಲಾಯಿತು. ಅಲ್ಲಿನ ಬಡವರ ಮಕ್ಕಳಿಗೇ ಒಗಟಾದದ್ದು ಅರಸೀಕೆರೆಯ ಹುಡುಗಿಗೆ ಏನಾಗಿದ್ದೀತು?

ಹೊರನಾಡಿನವರಿಗೆಂದೇ ಹುಟ್ಟಿದ ಪರೀಕ್ಷೆ ಟೋಫೆಲ್. ಅದಕ್ಕೆ ಮೊದಲು ವಿದೇಶಿ ವಿದ್ಯಾರ್ಥಿಗೆ ಇಂಗ್ಲಿಷು ಬರುತ್ತದೆಯೇ ಎಂಬುದನ್ನು ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ತೀರ್ಮಾನಿಸುತ್ತಿದ್ದರು. 1960ರ ದಶಕದ ಆರಂಭದಲ್ಲಿ ವಿಶ್ವವಿದ್ಯಾಲಯಗಳೂ ಭಾಷಾವಿಜ್ಞಾನಿಗಳೂ ಸೇರಿ ಚರ್ಚಿಸಿ, 1964ರಲ್ಲಿ ಮೊದಲ ಟೋಫೆಲ್ ನಡೆಸಿದರು. ಮೈಸೂರಿನ ಎ.ಕೆ. ರಾಮಾನುಜನ್ ಅವರು ಫುಲ್‌ಬ್ರೈಟ್ ನೆರವಿನಿಂದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೊರಟದ್ದು 1959ರಲ್ಲಿ. ಮುಂದೆ ವಚನಗಳನ್ನು ಇಂಗ್ಲಿಷ್ ಲೋಕಕ್ಕೆ ಕೊಟ್ಟ ಆ ಮನುಷ್ಯ ಅಲ್ಲಿ ಭಾಷಾವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದದ್ದು 1963ರಲ್ಲಿ; ಟೋಫೆಲ್ ಹುಟ್ಟಿದ್ದು ಅದರ ಮರುವರ್ಷ.

ಇನ್ನು ಸಲಹಾ ಕೇಂದ್ರಗಳ ವಿಚಾರ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೆನೆಟರ್ ಜೆ. ವಿಲಿಯಂ ಫುಲ್‌ಬ್ರೈಟ್ ಮುಂದಿಟ್ಟ ಮಸೂದೆ 1946ರಲ್ಲಿ ಕಾನೂನಾಯಿತು. ದೇಶದೇಶಗಳ ನಡುವೆ ವಿದ್ಯಾರ್ಥಿ, ಅಧ್ಯಾಪಕರ ವಿನಿಮಯಕ್ಕೆ ಅದು ದಾರಿ ತೆರೆಯಿತು. ಭಾರತದಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಮತ್ತು ಅಮೆರಿಕದ ರಾಯಭಾರಿ ಲಾಯ್ ಹೆಂಡರ್‌ಸನ್ 1950ರ ಫೆಬ್ರುವರಿ 2ರಂದು ಒಪ್ಪಂದಕ್ಕೆ ಸಹಿ ಹಾಕಿದರು. ಗಣರಾಜ್ಯಕ್ಕೆ ಆಗ ಒಂದು ವಾರದ ಪ್ರಾಯ. ಹಾಗೆ ಹುಟ್ಟಿದ ಅಮೆರಿಕ ಶಿಕ್ಷಣ ಪ್ರತಿಷ್ಠಾನ ದೀರ್ಘಕಾಲ ‘ಯುಸೆಫಿ’ ಎಂದೇ ಪ್ರಸಿದ್ಧವಾಗಿತ್ತು. 2008ರಲ್ಲಿ ಭಾರತ ಸರ್ಕಾರವೂ ಸಮಪಾಲು ಹೊತ್ತುಕೊಂಡಿತು. ಹೆಸರು ಯುಎಸ್‌ಐಇಎಫ್ ಎಂದಾಯಿತು, ವಿದ್ಯಾರ್ಥಿವೇತನಕ್ಕೆ ಫುಲ್‌ಬ್ರೈಟ್ ಜೊತೆ ನೆಹರೂ ಹೆಸರೂ ಸೇರಿತು.

ಈ ಪ್ರತಿಷ್ಠಾನ ವಿದ್ಯಾರ್ಥಿವೇತನದ ಜೊತೆಗೆ, ಸ್ವಂತ ಖರ್ಚಿನಲ್ಲಿ ಹೋಗುವವರಿಗೂ ಮಾಹಿತಿ ಕೊಡುವ ಮೇಜನ್ನು ತೆರೆದಿಟ್ಟಿತು. ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸು, ಆಮೇಲೆ ಹೈದರಾಬಾದಿನಲ್ಲೂ ಅದರ ಕಚೇರಿಗಳು. ಬೆಂಗಳೂರಿನವರು ಬಹುಕಾಲ ಮದರಾಸಿನ ಕಡೆ ಮುಖ ಮಾಡಬೇಕಿತ್ತು. ಮುಂದೆ ಯಶ್ನ ಟ್ರಸ್ಟ್ ಮೂಲಕ ಬೆಂಗಳೂರಿಗೂ ಒಂದು ಕೇಂದ್ರ ಬಂತು. ಇಂಥ ಕೇಂದ್ರಗಳಿಗೆ ಜಗತ್ತಿನಾದ್ಯಂತ ಇಂದಿನ ಹೆಸರು ‘ಎಜುಕೇಷನ್ ಯುಎಸ್‌ಎ’. ಅಮೆರಿಕದ ವಿದೇಶಾಂಗ ಇಲಾಖೆಯ ಆಸರೆಯಲ್ಲಿ 170ಕ್ಕೂ ಹೆಚ್ಚು ದೇಶಗಳಲ್ಲಿ ಇವು ಹರಡಿವೆ. ಕಂಪ್ಯೂಟರಿನಲ್ಲಿ ಎಲ್ಲವೂ ಸಿಗುವ ಮೊದಲು ಈ ಕೇಂದ್ರಗಳೆಂದರೆ ಮುಖ್ಯವಾಗಿ ಗ್ರಂಥಾಲಯಗಳೇ. ದಪ್ಪದಪ್ಪ ವಿಶ್ವವಿದ್ಯಾಲಯ ಕೈಪಿಡಿಗಳು, ಪರೀಕ್ಷೆಯ ಅರ್ಜಿ ನಮೂನೆಯ ಕಿರುಹೊತ್ತಗೆಗಳು, ಪೆನ್ಸಿಲಿನಲ್ಲಿ ಗೀಚಿ ಗೀಚಿ ಸವೆದ ಮಾದರಿ ಪ್ರಶ್ನೆಪತ್ರಿಕೆಗಳು.

ಪರೀಕ್ಷೆಯ ತಯಾರಿಯೆಂದರೆ ಆಗ ಶಬ್ದ ಬಾಯಿಪಾಠ. ಬ್ಯಾರನ್ಸ್ ಪುಸ್ತಕದ ಹಿಂದಿನ 3,500 ಪದಗಳ ಪಟ್ಟಿಯನ್ನು ಎಂಜಿನಿಯರಿಂಗ್ ಹಾಸ್ಟೆಲುಗಳಲ್ಲಿ ಒಂದು ತಲೆಮಾರು ಅಮರಕೋಶದಂತೆ ಉರು ಹೊಡೆಯಿತು. ಮಗ್ಗಿ, ಶ್ಲೋಕ ಎರಡನ್ನೂ ಬಾಯಿಪಾಠ ಮಾಡಿ ಬೆಳೆದ ನಾಡಿಗೆ ಇದೇನು ಹೊಸದಲ್ಲ. ವಿರುದ್ಧಪದ ಕೇಳುವ ಪ್ರಶ್ನೆಗಳಿದ್ದಷ್ಟು ಕಾಲ ಅದು ಫಲವನ್ನೂ ಕೊಟ್ಟಿತು. ಆದರೆ 2011ರ ಆಗಸ್ಟಿನಲ್ಲಿ ಜಿಆರ್‌ಇ ಪೂರ್ತಿ ಬದಲಾಯಿತು. ವಿರುದ್ಧಪದ, ಪದಸಂಬಂಧ ಎರಡೂ ಹೋದವು. ಅಂಕದ ಮಾಪನ 200–800 ಇದ್ದದ್ದು 130–170 ಆಯಿತು. ಪರದೆಯ ಮೇಲೆ ಕ್ಯಾಲ್ಕುಲೇಟರ್ ಬಂತು. 2023ರ ಸೆಪ್ಟೆಂಬರಿನಿಂದ ಪರೀಕ್ಷೆಯ ಅವಧಿಯೂ ಅರ್ಧಕ್ಕಿಳಿದು ಎರಡು ಗಂಟೆಗೆ ಬಂತು. ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಆವೃತ್ತಿ ಕೊಂಡು ಆರು ತಿಂಗಳು ಓದಿದವನ ಶ್ರಮ ಹೀಗೆ ನೀರುಪಾಲಾಗುತ್ತದೆ. ಯಾವ ಪುಸ್ತಕ ಓದಬೇಕು ಎನ್ನುವುದಕ್ಕಿಂತ ಯಾವುದನ್ನು ಓದಬಾರದು ಎಂದು ಹೇಳುವುದೇ ಸಲಹೆಗಾರರ ದೊಡ್ಡ ಉಪಕಾರ.

ಕಂಪ್ಯೂಟರ್ ಪರೀಕ್ಷೆಯ ಮರ್ಮವನ್ನೂ ಬಿಡಿಸಿ ಹೇಳಬೇಕಾಗುತ್ತದೆ. 1993ರಲ್ಲಿ ಜಿಆರ್‌ಇಗೆ ಬಂದ ಹೊಸ ಪದ್ಧತಿಯಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಇರಲಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಚಾಣಾಕ್ಷ ಪರೀಕ್ಷಕರು ಮಾಡುವಂತೆ, ಮೊದಲು ಒಂದು ಮಧ್ಯಮ ಪ್ರಶ್ನೆ. ಸರಿಯಾಗಿ ಹೇಳಿದರೆ ಇನ್ನೂ ಕಠಿಣವಾದದ್ದು, ತಪ್ಪಿದರೆ ಸುಲಭದ್ದು. ಬಿಟ್ಟು ಮುಂದೆ ಹೋಗುವಂತಿಲ್ಲ, ಹಿಂದಿರುಗಿ ತಿದ್ದುವಂತೆಯೂ ಇಲ್ಲ. ಸುಲಭದ ಪ್ರಶ್ನೆಗಳನ್ನೆಲ್ಲ ಮೊದಲು ಮುಗಿಸಿಬಿಡು ಎಂದು ನಮ್ಮ ಮೇಷ್ಟ್ರುಗಳು ಹೇಳಿಕೊಟ್ಟ ಬುದ್ಧಿವಾದ ಇಲ್ಲಿ ಕೈಕೊಟ್ಟಿತು. 2011ರ ನಂತರ ಹೊಂದಾಣಿಕೆ ಪ್ರಶ್ನೆಯಿಂದ ಪ್ರಶ್ನೆಗಲ್ಲ, ಭಾಗದಿಂದ ಭಾಗಕ್ಕೆ. ಒಂದು ಭಾಗದೊಳಗೆ ಹಿಂದೆ ಮುಂದೆ ಓಡಾಡಬಹುದು. ಎರಡನೇ ಭಾಗ ಕಷ್ಟವಾಯಿತೆಂದು ಅಳುತ್ತಾ ಹೊರಬರುವವರಿಗೆ, ಅದು ಮೊದಲ ಭಾಗ ಚೆನ್ನಾಗಿ ಆದುದರ ಗುರುತೂ ಆಗಿರಬಹುದು ಎಂದು ಹೇಳಬೇಕಾಗುತ್ತದೆ. ಇನ್ನೊಂದು ಮಾತು: ಜೆಇಇ, ಗೇಟ್ ಬರೆದವರಿಗೆ ತಪ್ಪುತ್ತರಕ್ಕೆ ಅಂಕ ಕಳೆಯುವ ಭಯ ರಕ್ತದಲ್ಲಿ ಸೇರಿರುತ್ತದೆ. ಜಿಆರ್‌ಇಯಲ್ಲಿ ಆ ಕಡಿತವಿಲ್ಲ. ಖಾಲಿ ಬಿಡುವುದೇ ನಷ್ಟ.

ಶೇಕಡಾವಾರು ಅಂಕಕ್ಕೂ ಪರ್ಸೆಂಟೈಲಿಗೂ ಇರುವ ವ್ಯತ್ಯಾಸ ಹೇಳಿ ಮುಗಿಸುವಷ್ಟರಲ್ಲಿ ಸಲಹೆಗಾರರ ಗಂಟಲು ಒಣಗುತ್ತದೆ. ‘ಅರವತ್ತು’ ಎಂದರೆ ನೂರಕ್ಕೆ ಅರವತ್ತು ಅಂಕವಲ್ಲ, ಬರೆದ ನೂರು ಜನರಲ್ಲಿ ಅರವತ್ತು ಮಂದಿ ಅವಳಿಗಿಂತ ಕೆಳಗಿದ್ದಾರೆ ಎಂದರ್ಥ. ಜಿಆರ್‌ಇಯ ಗಣಿತದಲ್ಲಿ 160 ಬಂದರೆ ಸಿಗುವ ಪರ್ಸೆಂಟೈಲು ಭಾಷಾವಿಭಾಗದ 160ಕ್ಕೆ ಸಿಗುವುದಕ್ಕಿಂತ ಬಹಳ ಕಡಿಮೆ. ಗಣಿತದಲ್ಲಿ ಗಟ್ಟಿಗರಾದ ನಮ್ಮ ದೇಶದವರೂ ಚೀನೀಯರೂ ಸಾವಿರಗಟ್ಟಲೆ ಅಲ್ಲಿ ಕುಳಿತಿರುತ್ತಾರಲ್ಲ!

ಟೋಫೆಲ್ ವಿಷಯದಲ್ಲಿ ಕನ್ನಡ ಮಾಧ್ಯಮದಿಂದ ಬಂದವರ ಕಷ್ಟ ಬೇರೆ ಬಗೆಯದು. ವ್ಯಾಕರಣ, ಓದು ಎರಡನ್ನೂ ಅವರು ಪುಸ್ತಕದಿಂದ ಗೆದ್ದುಕೊಂಡಿರುತ್ತಾರೆ; ಕಿವಿ, ನಾಲಗೆ ಹಿಂದೆ ಬೀಳುತ್ತವೆ. 2005ರಲ್ಲಿ ಅಂತರ್ಜಾಲದ ಟೋಫೆಲ್ ಬಂದು ಮಾತಾಡುವ ಭಾಗ ಸೇರಿತು. ಎದುರಿಗೆ ಮನುಷ್ಯರಿಲ್ಲ, ಮೈಕು ಮಾತ್ರ. ಒಂದು ವಿಷಯ ಕೊಟ್ಟು ಯೋಚಿಸಲು 15 ಸೆಕೆಂಡು, ಮಾತಾಡಲು 45 ಸೆಕೆಂಡು. ಪಕ್ಕದ ಅಂಕಣಗಳಲ್ಲಿ ಕುಳಿತವರೆಲ್ಲ ಅದೇ ಹೊತ್ತಿಗೆ ತಮ್ಮ ತಮ್ಮ ಮೈಕಿಗೆ ಹೇಳುತ್ತಿರುತ್ತಾರೆ; ಸಂತೆಯೇ ಸರಿ. ಹಿರಿಯರ ಮುಂದೆ ತಡೆದು, ಯೋಚಿಸಿ, ಮೆಲ್ಲನೆ ಮಾತಾಡಬೇಕೆಂದು ಕಲಿತ ಹುಡುಗಿಗೆ ಆ 45 ಸೆಕೆಂಡು ಪೀಠಿಕೆಗೇ ಸಾಲುತ್ತಿರಲಿಲ್ಲ. ಕೇಂದ್ರಗಳಲ್ಲಿ ಗಡಿಯಾರ ಹಿಡಿದು ಅಭ್ಯಾಸ ಮಾಡಿಸಬೇಕಾಗುತ್ತಿದ್ದುದು ಅದಕ್ಕೇ. ಒಂದು ಅನುಕೂಲವೂ ಆಯಿತು: ಅಲ್ಲಿಯವರೆಗೆ ಉಪನ್ಯಾಸ ಕೇಳುವಾಗ ಟಿಪ್ಪಣಿ ಮಾಡಿಕೊಳ್ಳುವಂತಿರಲಿಲ್ಲ, 2005ರಿಂದ ಅದಕ್ಕೆ ಅನುಮತಿ ಸಿಕ್ಕಿತು. 2026ರ ಜನವರಿಯಲ್ಲಿ ಟೋಫೆಲ್ ಮತ್ತೆ ಹೊಸ ವೇಷ ತೊಟ್ಟು 1ರಿಂದ 6ರ ಮಾಪನಕ್ಕೆ ಬಂದಿದೆ. ಮಾತಿನ ಭಾಗವೂ ಕೇಳಿ ಪುನರುಚ್ಚರಿಸುವ ಮತ್ತು ಸಂದರ್ಶನದ ರೂಪಕ್ಕೆ ತಿರುಗಿದೆ. ಮೈಕಿಗಿಂತ ಮನುಷ್ಯನೇ ಮೇಲು ಎನ್ನುವವರಿಗೆ ಬ್ರಿಟನ್, ಆಸ್ಟ್ರೇಲಿಯಾಗಳ ಐಇಎಲ್‌ಟಿಎಸ್ ಇದೆ. 1989ರಿಂದ ನಡೆಯುತ್ತಿರುವ ಆ ಪರೀಕ್ಷೆಯಲ್ಲಿ ಪರೀಕ್ಷಕರೊಬ್ಬರು ಹನ್ನೊಂದರಿಂದ ಹದಿನಾಲ್ಕು ನಿಮಿಷ ಮಾತಾಡಿಸುತ್ತಾರೆ. ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳೂ ಈಗ ಅದನ್ನು ಒಪ್ಪುತ್ತವೆ.

ಪ್ರಶ್ನೋತ್ತರಕ್ಕಿಂತ ಹೆಚ್ಚಾಗಿ ನಮ್ಮವರನ್ನು ಕಾಡುವ ಸಂಗತಿ ಇನ್ನೊಂದಿದೆ, ಅದು ಹೆಸರು. ಕರ್ನಾಟಕದಲ್ಲಿ ಹೆಸರೆಂದರೆ ಊರಿನ ಅಕ್ಷರ, ಅಪ್ಪನ ಅಕ್ಷರ, ಆಮೇಲೆ ಮಗುವಿಗಿಟ್ಟ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ.ಎಸ್.’, ಪದವಿ ಪತ್ರದಲ್ಲಿ ‘ಕೆ.ಎಸ್. ಮಂಜುನಾಥ್’, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದು ಊರ ಹೆಸರೇ ಮೊದಲಿಗೆ, ಅಥವಾ ಅಪ್ಪನ ಹೆಸರೇ ಮನೆತನದ ಹೆಸರು. ಪರೀಕ್ಷಾ ಕೇಂದ್ರದ ನಿಯಮವಾದರೋ ಬಹಳ ಕಟ್ಟುನಿಟ್ಟು: ನೋಂದಣಿಯಲ್ಲಿರುವ ಹೆಸರು ಗುರುತಿನ ಪತ್ರದ ಹೆಸರಿಗೆ ಸರಿಹೊಂದಬೇಕು. ಹೊಂದದಿದ್ದರೆ ಒಳಗೆ ಬಿಡುವುದಿಲ್ಲ, ಕಟ್ಟಿದ ಹಣವೂ ಹಿಂದೆ ಬರುವುದಿಲ್ಲ. 20,000 ರೂಪಾಯಿಗೂ ಮೀರಿದ ಜಿಆರ್‌ಇ ಶುಲ್ಕವನ್ನು ಹೀಗೆ ಒಂದು ಇನಿಷಿಯಲ್ಲಿಗೆ ಬಲಿ ಕೊಡುವುದೆಂದರೆ ಸಾಮಾನ್ಯ ಗುಮಾಸ್ತನ ಮನೆಯಲ್ಲಿ ತಮಾಷೆಯ ಮಾತಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ‘ಕೊಟ್ಟ ಹೆಸರು’ ಎಂಬ ಜಾಗ ಖಾಲಿಯಿದ್ದರೆ, ಅಮೆರಿಕದ ವೀಸಾದಲ್ಲಿ ‘ಎಫ್‌ಎನ್‌ಯು’ ಎಂಬ ಮೂರಕ್ಷರ ಬೀಳುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಅಜ್ಜಿ ತೊಟ್ಟಿಲಲ್ಲಿಟ್ಟು ಕಿವಿಯಲ್ಲಿ ಮೂರು ಸಲ ಕೂಗಿದ ಹೆಸರಿನ ಗತಿ ಇದು! ಅದಕ್ಕೇ ಅನುಭವಿಗಳಾದ ಸಲಹೆಗಾರರು ಪುಸ್ತಕ ತೋರಿಸುವ ಮೊದಲು ಪಾಸ್‌ಪೋರ್ಟು ತೋರಿಸಲು ಹೇಳುತ್ತಾರೆ.

ಇಷ್ಟಾದ ಮೇಲೆ ಕೇಳಬೇಕಾದ ಪ್ರಶ್ನೆ, ಪರೀಕ್ಷೆ ಬೇಕೇ ಬೇಕೇ? ಕೋವಿಡ್ ಬಂದ 2020ರಲ್ಲಿ ಪರೀಕ್ಷಾ ಕೇಂದ್ರಗಳು ಮುಚ್ಚಿದಾಗ ಅಮೆರಿಕದ ನೂರಾರು ಕಾಲೇಜುಗಳು ಎಸ್‌ಎಟಿಯನ್ನು ಐಚ್ಛಿಕ ಮಾಡಿದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಅಂಕವನ್ನು ನೋಡುವುದನ್ನೇ ಬಿಟ್ಟಿತು. ಎಂಐಟಿ 2022ರಲ್ಲಿ ಮತ್ತೆ ಕಡ್ಡಾಯಕ್ಕೆ ಮರಳಿತು. 2024ರಲ್ಲಿ ಡಾರ್ಟ್‌ಮತ್, ಯೇಲ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್‌ಗಳೂ ಪರೀಕ್ಷೆ ಬೇಕೆಂದು ಸಾರಿದವು. ಜಿಆರ್‌ಇಯದು ಇನ್ನೂ ವಿಚಿತ್ರ: ಒಂದೇ ವಿಶ್ವವಿದ್ಯಾಲಯದಲ್ಲಿ ಒಂದು ವಿಭಾಗ ಕೇಳುತ್ತದೆ, ಇನ್ನೊಂದು ಕೊಟ್ಟರೂ ನೋಡುವುದಿಲ್ಲ. ‘ಎಲ್ಲರೂ ಬರೆಯುತ್ತಿದ್ದಾರೆ, ನೀನೂ ಬರೆ’ ಎನ್ನುವ ಕೋಚಿಂಗ್ ಕ್ಲಾಸಿನವರ ಮಾತು ಕೇಳಿ ಹಣ ಕಟ್ಟುವ ಮೊದಲು, ತಾನು ಅರ್ಜಿ ಹಾಕುವ ಎಂಟು ಹತ್ತು ವಿಭಾಗಗಳಲ್ಲಿ ಎಷ್ಟಕ್ಕೆ ಬೇಕು ಎಂದು ಪಟ್ಟಿ ಮಾಡಿಕೊಳ್ಳುವುದು ಜಾಣತನ. ಆ ಪಟ್ಟಿ ಮಾಡಿಸುವುದರಲ್ಲಿ ಸಲಹಾ ಕೇಂದ್ರಕ್ಕೆ ಸ್ವಂತ ಲಾಭ ಏನೂ ಇಲ್ಲ. ವಿದ್ಯಾರ್ಥಿಯನ್ನು ಇಂಥ ಕಾಲೇಜಿಗೆ ಸೇರಿಸಿದ್ದಕ್ಕೆ ಅದು ಕಮಿಷನ್ ಪಡೆಯುವುದಿಲ್ಲ. ಏಜೆಂಟರ ಅಂಗಡಿಗೂ ಅದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ. ಎಲ್ಲ ಏಜೆಂಟರೂ ಮೋಸಗಾರರಲ್ಲ, ನಿಜ. ಆದರೆ ಒಂದು ಕಾಲೇಜಿನಿಂದ ಹಣ ಪಡೆಯುವವರು ಆ ಕಾಲೇಜನ್ನು ಬೇಡ ಎನ್ನಲಾರರು.

ಆ ವ್ಯತ್ಯಾಸ ತಿಳಿಯದವರು ಎಷ್ಟು ತೆತ್ತರು ಎಂಬುದಕ್ಕೆ 2011ರ ಜನವರಿಯ ಘಟನೆ ಸಾಕು. ಕ್ಯಾಲಿಫೋರ್ನಿಯಾದ ಟ್ರೈ ವ್ಯಾಲಿ ಯೂನಿವರ್ಸಿಟಿ ಎಂಬ ಸಂಸ್ಥೆಯ ಮೇಲೆ ದಾಳಿ ನಡೆದು ಅದು ಮುಚ್ಚಿತು. ಅಲ್ಲಿ ಹೆಸರು ನೋಂದಾಯಿಸಿದ್ದ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಲ್ಲಿ ಬಹುಪಾಲು ಭಾರತೀಯರು, ಅವರಲ್ಲೂ ಹೆಚ್ಚಿನವರು ಆಂಧ್ರದವರು. ಕೆಲವರ ಕಾಲಿಗೆ ಚಲನವಲನ ತಿಳಿಯುವ ರೇಡಿಯೋ ಪಟ್ಟಿ ಕಟ್ಟಲಾಯಿತು. ಆಗ ವಿದೇಶಾಂಗ ಸಚಿವರಾಗಿದ್ದವರು ಕರ್ನಾಟಕದ ಎಸ್.ಎಂ. ಕೃಷ್ಣ, ಸ್ವತಃ ಫುಲ್‌ಬ್ರೈಟ್ ವಿದ್ಯಾರ್ಥಿಯಾಗಿ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಓದಿ ಬಂದವರು. ಆ ಪಟ್ಟಿ ತೆಗೆಯಬೇಕೆಂದು ಅವರು ಅಮೆರಿಕವನ್ನು ಒತ್ತಾಯಿಸಬೇಕಾಯಿತು. ಸಂಸ್ಥೆಯನ್ನು ನಡೆಸಿದಾಕೆಗೆ 2014ರಲ್ಲಿ 16 ವರ್ಷದ ಸಜೆಯಾಯಿತು. 2019ರ ಜನವರಿಯಲ್ಲಿ ಹೊರಬಂದ ಫಾರ್ಮಿಂಗ್ಟನ್ ಪ್ರಕರಣ ಇನ್ನೂ ವಿಲಕ್ಷಣ. ಮಿಷಿಗನ್ನಿನ ಆ ‘ವಿಶ್ವವಿದ್ಯಾಲಯ’ವನ್ನು ನಡೆಸುತ್ತಿದ್ದದ್ದು ಅಮೆರಿಕದ ವಲಸೆ ಅಧಿಕಾರಿಗಳೇ, ಬಲೆಯಾಗಿ. ಮೊದಲು ಬಂಧಿತರಾದ 130 ವಿದ್ಯಾರ್ಥಿಗಳಲ್ಲಿ 129 ಮಂದಿ ಭಾರತೀಯರು. ಅದಕ್ಕೆ ಮಾನ್ಯತೆ ಇದೆಯೆಂದು ಪಟ್ಟಿಯಲ್ಲೂ ತೋರಿಸಲಾಗಿತ್ತು. ಪಾಠವೇ ಇಲ್ಲದ, ಮೇಷ್ಟ್ರೇ ಇಲ್ಲದ ಕಾಲೇಜು ಎಂಬುದು ಮಾತ್ರ ವಿಚಾರಿಸಿದವರಿಗೆ ತಿಳಿಯುವಂತಿತ್ತು. ಯಾವ ಪರೀಕ್ಷೆಯೂ ಇಲ್ಲದೆ, ಯಾವ ಪ್ರಶ್ನೆಯೂ ಇಲ್ಲದೆ ಪ್ರವೇಶ ಸಿಕ್ಕಿದರೆ ಸಂತೋಷಪಡುವ ಮೊದಲು ಅನುಮಾನಪಡಬೇಕು ಎಂದು ಸಲಹೆಗಾರರು ಹೇಳುವುದು ಇಂಥವನ್ನು ಕಂಡೇ.

ಪರೀಕ್ಷೆ ನಡೆಸುವವರ ಕಡೆಯಿಂದಲೂ ಅನ್ಯಾಯವಾಗುತ್ತದೆ. 2002ರಲ್ಲಿ ಜಿಆರ್‌ಇಯ ಪ್ರಶ್ನೆಗಳನ್ನು ನೆನಪಿಟ್ಟುಕೊಂಡು ಅಂತರ್ಜಾಲದಲ್ಲಿ ಹಂಚುವುದು ಕಂಡುಬಂದಾಗ, ಚೀನಾ, ತೈವಾನ್, ಕೊರಿಯಾಗಳಲ್ಲಿ ಕಂಪ್ಯೂಟರ್ ಪರೀಕ್ಷೆಯನ್ನೇ ನಿಲ್ಲಿಸಿ ಹಳೆಯ ಕಾಗದ ಪೆನ್ಸಿಲಿಗೆ ಮರಳಲಾಯಿತು. ಕೆಲವರ ತಪ್ಪಿಗೆ ಇಡೀ ದೇಶದ ವಿದ್ಯಾರ್ಥಿಗಳು ಕಾಯಬೇಕಾಯಿತು. ಬ್ರಿಟನ್ನಿನಲ್ಲಿ ಆದದ್ದು ಇದಕ್ಕಿಂತ ಘೋರ. ವೀಸಾ ವಿಸ್ತರಣೆಗೆ ಬೇಕಾದ ಇಟಿಎಸ್‌ನ ಟೋಯಿಕ್ ಪರೀಕ್ಷೆಯಲ್ಲಿ ಬದಲಿ ಅಭ್ಯರ್ಥಿಗಳು ಕೂರುವುದನ್ನು 2014ರ ಫೆಬ್ರುವರಿಯಲ್ಲಿ ಬಿಬಿಸಿ ತೋರಿಸಿತು. ಆಮೇಲೆ ನಡೆದ ತಪಾಸಣೆಯಲ್ಲಿ, 2011ರಿಂದ 2014ರವರೆಗೆ ಆ ದೇಶದಲ್ಲಿ ನಡೆದ 58,000ಕ್ಕೂ ಹೆಚ್ಚು ಪರೀಕ್ಷೆಗಳಲ್ಲಿ ಶೇಕಡಾ 97ರಷ್ಟು ಅನುಮಾನಾಸ್ಪದ ಎಂದು ಹೇಳಲಾಯಿತು. ಸಾವಿರಾರು ಮಂದಿಯ ವೀಸಾ ರದ್ದಾಯಿತು. ಮೋಸ ಮಾಡಿದವರು ಇದ್ದೇ ಇದ್ದರು. ಆದರೆ ತಪ್ಪು ಮಾಡದವರೂ ಅದೇ ಬಲೆಗೆ ಬಿದ್ದರು, ವರ್ಷಗಟ್ಟಲೆ ಕೋರ್ಟು ಅಲೆದು ಗೆದ್ದವರೂ ಸಾವಿರಾರು. ಅಷ್ಟು ಹೊತ್ತಿಗೆ ಓದೂ ಹೋಗಿತ್ತು, ಊರಿನಲ್ಲಿ ಮುಖ ತೋರಿಸುವ ಧೈರ್ಯವೂ ಹೋಗಿತ್ತು. ‘ನಿಮ್ಮ ಮಗನ ಬದಲು ಬೇರೆಯವರು ಬರೆಯುತ್ತಾರೆ, ಇಷ್ಟು ಕೊಡಿ’ ಎನ್ನುವವರು ಈ ನಾಡಿನಲ್ಲೂ ಇಲ್ಲದಿಲ್ಲ. ಅಂಥವರ ಮಾತಿಗೆ ಕಿವಿಗೊಡುವ ತಂದೆ ತಾಯಿಗೆ ಈ ಕಥೆ ತಿಳಿದಿರಲಿ.

ಸಲಹಾ ಕೇಂದ್ರವೊಂದು ತನ್ನ ಮೇಜಿನಿಂದ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಆಫ್ರಿಕದ ಉದಾಹರಣೆಯೊಂದಿದೆ. ಜಿಂಬಾಬ್ವೆಯ ರಾಜಧಾನಿ ಹರಾರೆಯಲ್ಲಿ ಅಮೆರಿಕದ ರಾಯಭಾರ ಕಚೇರಿಯ ಸಲಹೆಗಾರ್ತಿ ರೆಬೆಕಾ ಝೈಗ್ಲರ್ ಮಾನೊ 1999ರಲ್ಲಿ ಒಂದು ಕಾರ್ಯಕ್ರಮ ಶುರು ಮಾಡಿದರು. ಅವರು ಕಂಡುಕೊಂಡದ್ದು ಸರಳ ಸತ್ಯ: ಕೇಂದ್ರಕ್ಕೆ ತಾವಾಗಿ ಬರುವವರು ಅನುಕೂಲಸ್ಥರ ಮಕ್ಕಳು, ಬರದವರಲ್ಲೇ ನಿಜವಾಗಿ ನೆರವು ಬೇಕಾದವರಿದ್ದಾರೆ. ಓದಿನಲ್ಲಿ ಮುಂದಿದ್ದು ಕೈಯಲ್ಲಿ ಕಾಸಿಲ್ಲದವರನ್ನು ಹಳ್ಳಿಗಳಿಂದ ಹುಡುಕಿ ಆರಿಸಿ, ಒಂದು ತಂಡವಾಗಿ ಕೂರಿಸಿ, ಎಸ್‌ಎಟಿ, ಟೋಫೆಲ್‌ಗೆ ಅಣಿಗೊಳಿಸಿ, ಶುಲ್ಕ ಮನ್ನಾ ಪತ್ರ ಬರೆಯಿಸಿ, ಪೂರ್ತಿ ವಿದ್ಯಾರ್ಥಿವೇತನ ಕೊಡುವ ಕಾಲೇಜುಗಳಿಗೆ ಅರ್ಜಿ ಹಾಕಿಸುವುದು ಅದರ ಕ್ರಮ. ಒಬ್ಬರಿಗೊಬ್ಬರು ಪಾಠ ಹೇಳಿಕೊಳ್ಳಬೇಕು, ತಮ್ಮ ಊರಿಗೆ ಏನಾದರೂ ಕೆಲಸ ಮಾಡಿಕೊಡಬೇಕು. ನೋಟಿನ ಬೆಲೆ ಗಂಟೆಗಂಟೆಗೆ ಇಳಿಯುತ್ತಿದ್ದ 2008ರ ಹಣದುಬ್ಬರದ ದಿನಗಳನ್ನೂ ಅದು ದಾಟಿಕೊಂಡಿತು. ಇದೇ ಮಾದರಿ ಬೇರೆ ಕೆಲವು ದೇಶಗಳಿಗೂ ಹಬ್ಬಿತು. ಪ್ರತಿಭೆಯಿದ್ದು ಅರ್ಜಿ, ಪರೀಕ್ಷೆ, ಪ್ರಯಾಣದ ಖರ್ಚಿಗೆ ದಿಕ್ಕಿಲ್ಲದವರಿಗೆ ಹಣ ಕೊಡುವ ‘ಆಪರ್ಚುನಿಟಿ ಫಂಡ್ಸ್’ ಎಂಬ ಯೋಜನೆಯನ್ನೂ ಎಜುಕೇಷನ್ ಯುಎಸ್‌ಎ ಕೆಲವು ದೇಶಗಳಲ್ಲಿ ನಡೆಸಿದೆ. ನಮ್ಮ ಕಡೆ ಬೀದರಿನ, ಚಾಮರಾಜನಗರದ ಸರ್ಕಾರಿ ಕಾಲೇಜುಗಳವರೆಗೆ ಇಂಥ ಕೈ ಚಾಚಿದರೆ ಎಷ್ಟು ಚೆನ್ನ ಎನ್ನಿಸದಿರದು. ಇಲ್ಲಿ ಗರದಿ ಇರುವುದು ಬೆಂಗಳೂರಿನ ಮೇಜಿನ ಮುಂದೆ.

ಗರದಿಯಾದರೂ ಸಣ್ಣದಲ್ಲ. 2023–24ರ ಶೈಕ್ಷಣಿಕ ವರ್ಷದಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3,31,602. ಹದಿನೈದು ವರ್ಷಗಳಲ್ಲಿ ಮೊದಲ ಬಾರಿಗೆ ಭಾರತ ಚೀನಾವನ್ನು ಹಿಂದಿಕ್ಕಿತ್ತು. ಇವರಲ್ಲಿ ಬಹಳ ಮಂದಿ ಬ್ಯಾಂಕಿನ ಸಾಲದ ಮೇಲೆ, ಅಡವಿಟ್ಟ ಮನೆ ಸೈಟುಗಳ ಮೇಲೆ ಹೋದವರು.

ಈಚೆಗೆ ಮೇಜಿಗೆ ಬರುವ ಪ್ರಶ್ನೆಗಳೂ ಬದಲಾಗಿವೆ. 2025ರ ಮೇ ಕೊನೆಯಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ವಿದ್ಯಾರ್ಥಿ ವೀಸಾ ಸಂದರ್ಶನಗಳಿಗೆ ಹೊಸ ದಿನಾಂಕ ಕೊಡುವುದನ್ನೇ ನಿಲ್ಲಿಸಿತು. ಮೂರು ವಾರದ ಬಳಿಕ, ಜೂನ್ 18ರಂದು, ಅರ್ಜಿದಾರರ ಸಾಮಾಜಿಕ ಜಾಲತಾಣದ ಖಾತೆಗಳನ್ನು ಪರಿಶೀಲಿಸುವ ಷರತ್ತಿನ ಮೇಲೆ ಮತ್ತೆ ಶುರು ಮಾಡಿತು. ಪ್ರವೇಶ ಸಿಕ್ಕಿ, ಅಂಕವೂ ಇದ್ದು, ಸಂದರ್ಶನದ ದಿನ ಮಾತ್ರ ಸಿಗದ ಮಕ್ಕಳು ಆ ತಿಂಗಳುಗಳಲ್ಲಿ ಒದ್ದಾಡಿಹೋದರು. ಇಂಥವರು ಬಂದು ಕುಳಿತರೆ ಸಲಹೆಗಾರರು ಕೈಲಿರುವಷ್ಟನ್ನೇ ಹೇಳಬಲ್ಲರು. ಪ್ರವೇಶವನ್ನು ಮುಂದಿನ ಅವಧಿಗೆ ಮುಂದೂಡುವಂತೆ ವಿಶ್ವವಿದ್ಯಾಲಯಕ್ಕೆ ಕೂಡಲೆ ಬರೆದು ಕೇಳಬೇಕು. ಸಾಲದ ಮಂಜೂರಾತಿಯ ಗಡುವನ್ನು ಬ್ಯಾಂಕಿನಲ್ಲಿ ವಿಚಾರಿಸಬೇಕು. ಪರೀಕ್ಷೆಯನ್ನು ಮತ್ತೆ ಬರೆಯುವ ಅವಸರ ಬೇಡ. ಟೋಫೆಲ್ ಅಂಕ ಎರಡು ವರ್ಷ, ಜಿಆರ್‌ಇ ಅಂಕ ಐದು ವರ್ಷ ಊರ್ಜಿತದಲ್ಲಿರುತ್ತದೆ.